ಪಾರ್ಕಿಂಗ್ ಕಟ್ಟಡ: ಅಳತೆಯಿಂದ ಅಂದದವರೆಗೆ — ದಾವಣಗೆರೆ, ಚಿತ್ರದುರ್ಗದ ಬಿಸಿಲಿಗೂ ಮಣ್ಣಿಗೂ ಹೊಂದುವ ಸಮಗ್ರ ಮಾರ್ಗದರ್ಶಿ

ಎರಡು ಪಿಲ್ಲರ್‌ಗಳ ನಡುವೆ 7.5 ಮೀಟರ್ ಖಾಲಿ ಜಾಗ ಸಿಕ್ಕರೆ ಮೂರು ಕಾರು ನಿಲ್ಲುತ್ತವೆ. 7.2 ಸಿಕ್ಕರೆ ನಿಲ್ಲುವುದು ಎರಡೇ. ಆ 30 ಸೆಂಟಿಮೀಟರಿನ ತಪ್ಪನ್ನು ಆಮೇಲೆ ಯಾವ ಬಣ್ಣವೂ, ಮುಂಭಾಗಕ್ಕೆ ಹೊಡೆದ ಯಾವ ಅಲ್ಯೂಮಿನಿಯಂ ಹಾಳೆಯೂ ಮುಚ್ಚಲಾರದು. ಪಾರ್ಕಿಂಗ್ ಕಟ್ಟಡದ ಅಂದ, ಅದರ ಬಾಳಿಕೆ, ಅದು ಉಳಿಸುವ ಕರೆಂಟು, ನೀರು ಎಲ್ಲವೂ ಮೊದಲ ನಕ್ಷೆಯ ಅಳತೆಯಲ್ಲೇ ತೀರ್ಮಾನವಾಗಿಬಿಡುತ್ತವೆ. ಹಾಗಾಗಿ ಈ ಬರಹದಲ್ಲಿ ಅಳತೆ ಮೊದಲು, ಅಲಂಕಾರ ಆಮೇಲೆ.

ಲೆಕ್ಕ ಕೈಗೆ ಸಿಗುವಂತಿರಲಿ ಎಂದು ಒಂದು ಮಾದರಿ ನಿವೇಶನ ಇಟ್ಟುಕೊಳ್ಳೋಣ. ದಾವಣಗೆರೆಯ ಪೇಟೆ ಭಾಗದಲ್ಲಿ 50 ಮೀಟರ್ ಆಳ, 60 ಮೀಟರ್ ಅಗಲದ ಜಾಗ, ಅಂದರೆ ಸುಮಾರು 30 ಗುಂಟೆ. ಪೂರ್ವಕ್ಕೆ ರಸ್ತೆ. ನೆಲ ಅಂತಸ್ತು, ಅದರ ಮೇಲೆ ಎರಡು ಅಂತಸ್ತು, ಕೊನೆಗೆ ಸೋಲಾರ್ ಚಪ್ಪರದ ಕೆಳಗೆ ತಾರಸಿ ಪಾರ್ಕಿಂಗ್. ಮುಂದಿನ ಅಂಕಿಗಳೆಲ್ಲ ಈ ಜಾಗದ್ದು. ನಿಮ್ಮ ಜಾಗ ಬೇರೆಯಾದರೂ ಲೆಕ್ಕ ಹಾಕುವ ದಾರಿ ಇದೇ.

1. ನಕ್ಷೆಗೆ ಮುಂಚೆ ಎಣಿಕೆ

ಸುತ್ತ 300 ಮೀಟರ್ ಒಳಗಿನ ರಸ್ತೆಗಳಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 10ರವರೆಗೆ, ಅರ್ಧ ಗಂಟೆಗೊಮ್ಮೆ, ನಿಂತ ವಾಹನಗಳನ್ನು ಎಣಿಸಿ. ವಾರದ ನಡುವಿನ ಒಂದು ದಿನ, ಒಂದು ಭಾನುವಾರ, ಹಬ್ಬದ ಹಿಂದಿನ ಒಂದು ದಿನ ಸಾಕು. ಬೈಕು, ಕಾರು, ಆಟೊ, ಲಗೇಜ್ ಗಾಡಿ ಬೇರೆ ಬೇರೆ ಬರೆದುಕೊಳ್ಳಿ. ಎಷ್ಟು ಹೊತ್ತು ನಿಂತವು ಎಂಬುದನ್ನೂ ಗುರುತಿಸಿ. 20 ನಿಮಿಷದಲ್ಲಿ ಹೊರಡುವ ಗಿರಾಕಿಗೂ ಅಂಗಡಿ ಬಾಗಿಲು ತೆಗೆದು ರಾತ್ರಿ ಮುಚ್ಚುವ ಮಾಲೀಕನಿಗೂ ಬೇಕಾದ ಜಾಗ ಬೇರೆ. ಮೊದಲನೆಯವರಿಗೆ ಕೆಳಗೆ, ಎರಡನೆಯವರಿಗೆ ಮೇಲೆ.

300 ಮೀಟರ್ ಯಾಕೆಂದರೆ ಅದಕ್ಕಿಂತ ದೂರ ನಡೆಯಬೇಕೆಂದರೆ ಜನ ರಸ್ತೆ ಬದಿಯಲ್ಲೇ ನಿಲ್ಲಿಸುತ್ತಾರೆ, ಕಟ್ಟಡ ಖಾಲಿ ಬೀಳುತ್ತದೆ.

ನಮ್ಮ ಊರುಗಳಲ್ಲಿ ಈ ಎಣಿಕೆ ಬೈಕಿನ ಕಡೆಗೇ ವಾಲುತ್ತದೆ. ಆದರೂ ಬಹಳಷ್ಟು ನಕ್ಷೆಗಳು ಕಾರಿಗೆಂದು ಹುಟ್ಟಿ, ಬೈಕಿಗೆ ಮೂಲೆ ಕೊಟ್ಟು ಮುಗಿಯುತ್ತವೆ. ಒಂದು ಅಳತೆ ನೋಡಿ: 8.1 ಮೀಟರ್ ಉದ್ದ, 16.2 ಮೀಟರ್ ಅಗಲದ ಒಂದು ಅಂಕಣದಲ್ಲಿ ಓಡಾಟದ ದಾರಿ ಬಿಟ್ಟು ಆರು ಕಾರು ನಿಲ್ಲುತ್ತವೆ. ಬೈಕಿಗೆ 1 ಮೀಟರ್ ಅಗಲ, 2 ಮೀಟರ್ ಉದ್ದ, ಸಾಲುಗಳ ನಡುವೆ 2 ಮೀಟರ್ ದಾರಿ ಎಂದು ಹಿಡಿದರೂ ಅದೇ ಅಂಕಣದಲ್ಲಿ 36ರಿಂದ 40 ಬೈಕು ಕೂರುತ್ತವೆ. ಆದ್ದರಿಂದ ನೆಲ ಅಂತಸ್ತು ಬಹುಪಾಲು ಬೈಕಿಗೇ ಇರಲಿ. ಬೈಕಿನವರು ರ‍್ಯಾಂಪ್ ಹತ್ತಿ ಎರಡನೇ ಮಹಡಿಗೆ ಹೋಗುತ್ತಾರೆ ಎಂಬ ಭರವಸೆಯ ಮೇಲೆ ಕಟ್ಟಬೇಡಿ. ದುಗ್ಗಮ್ಮನ ಜಾತ್ರೆಯಂಥ ದಿನಗಳಲ್ಲಿ ಹಳ್ಳಿಗಳಿಂದ ಬರುವುದೂ ಹೆಚ್ಚಾಗಿ ಬೈಕುಗಳೇ.

2. ಅನುಮತಿ ಮತ್ತು ಮಣ್ಣು

ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ (ದೂಡಾ), ಚಿತ್ರದುರ್ಗದಲ್ಲಿ ಸ್ಥಳೀಯ ಆಡಳಿತ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ, ಎರಡೂ ಕಡೆ ಅಗ್ನಿಶಾಮಕ ಇಲಾಖೆ ಮತ್ತು ಬೆಸ್ಕಾಂ. ಚಿತ್ರದುರ್ಗದವರು ಇನ್ನೊಂದನ್ನು ಮೊದಲೇ ನೋಡಬೇಕು. ಏಳುಸುತ್ತಿನ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಪ್ರವಾಸಿಗರ ವಾಹನಕ್ಕೆಂದು ಕೋಟೆಯ ಬುಡದಲ್ಲೇ ಜಾಗ ನೋಡುವ ಮೊದಲು ಈ ಗೆರೆಗಳನ್ನು ಸರ್ವೆ ನಕ್ಷೆಯ ಮೇಲೆ ಎಳೆಯಿಸಿ.

ಕಟ್ಟಡದ ಎತ್ತರ 15 ಮೀಟರ್ ಮುಟ್ಟಿದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಬಹುಮಹಡಿ ಕಟ್ಟಡ, ಬೆಂಕಿ ಸುರಕ್ಷತೆಯ ಷರತ್ತುಗಳೆಲ್ಲ ಬಿಗಿಯಾಗುತ್ತವೆ. ನಮ್ಮ ಮಾದರಿಯಲ್ಲಿ ನೆಲ ಅಂತಸ್ತು 4.2 ಮೀಟರ್, ಮೇಲಿನೆರಡು 3.2 ಮೀಟರ್. ತಾರಸಿ 10.6ಕ್ಕೆ, ಸೋಲಾರ್ ಚಪ್ಪರ 13.6ಕ್ಕೆ ಬಂದು ನಿಲ್ಲುತ್ತದೆ. ಪೇಟೆಯ ಎರಡು–ಮೂರು ಅಂತಸ್ತಿನ ಅಂಗಡಿಗಳ ಪಕ್ಕ ಇದಕ್ಕಿಂತ ಎತ್ತರ ಕಣ್ಣಿಗೂ ಹಿತವಲ್ಲ.

ಮಣ್ಣಿನ ವಿಷಯದಲ್ಲಿ ಉದಾಸೀನ ಬೇಡ. ದಾವಣಗೆರೆ ಸುತ್ತ ಎರೆಮಣ್ಣು ಬಹಳ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ಅದು. ನಾಲ್ಕು ಮೂಲೆ ಮತ್ತು ನಡುವೆ, ಕಡಿಮೆಯೆಂದರೆ ಐದು ಕಡೆ ಬೋರ್ ಹೊಡೆಸಿ ಪರೀಕ್ಷೆ ಮಾಡಿಸಿ. ಗರಸು ಎರಡು–ಮೂರು ಮೀಟರಿನಲ್ಲೇ ಸಿಕ್ಕರೆ ಪಾಯವನ್ನು ಅಲ್ಲಿಗೇ ಇಳಿಸಿ. ಆಳಕ್ಕೆ ಹೋದರೆ ಬುಡ ಅಗಲಿಸಿದ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ. ಪಿಲ್ಲರ್ ಗಟ್ಟಿ ನಿಂತರೂ ನೆಲದ ಹಾಸು ಎರೆಮಣ್ಣಿನ ಮೇಲೆ ಕೂತಿದ್ದರೆ ಎರಡೇ ಮಳೆಗಾಲಕ್ಕೆ ಅದು ಅಲೆಯಂತೆ ಎದ್ದುಬರುತ್ತದೆ. ಹಾಸಿನ ಕೆಳಗಿನ ಸುಮಾರು 1 ಮೀಟರ್ ಎರೆಮಣ್ಣು ತೆಗೆದು, ಉಬ್ಬದ ಗರಸನ್ನು 20 ಸೆಂಟಿಮೀಟರ್ ಪದರಗಳಲ್ಲಿ ನೀರು ಹಾಕಿ ರೋಲರ್ ಹೊಡೆಸಿ ತುಂಬಬೇಕು. ಎಸ್ಟಿಮೇಟ್ ಇಳಿಸಲು ಮೊದಲು ಕತ್ತರಿ ಬೀಳುವುದು ಈ ಐಟಂಗೇ. ಬಿಟ್ಟುಕೊಡಬೇಡಿ.

ನೆಲಮಾಳಿಗೆಯ ಆಸೆಯನ್ನೂ ಇಲ್ಲೇ ಬಿಡುವುದು ಒಳ್ಳೆಯದು. ಎರೆಮಣ್ಣಿನ ಒತ್ತಡಕ್ಕೆ ಗೋಡೆ ದಪ್ಪವಾಗಬೇಕು, ಮಳೆ ನೀರನ್ನು ಪಂಪ್ ಹೊಡೆಯಬೇಕು, ಗಂಟೆಗೆ 6 ಬಾರಿ ಒಳಗಿನ ಗಾಳಿ ಬದಲಿಸುವ ಫ್ಯಾನು ಬೇಕು, ಬೆಂಕಿ ಬಿದ್ದಾಗ ಅದೇ 12 ಬಾರಿ ಬದಲಿಸಬೇಕು. ನಾಲ್ಕೂ ಕಡೆ ತೆರೆದ ಕಟ್ಟಡಕ್ಕೆ ಈ ಖರ್ಚು, ಈ ಕರೆಂಟು ಯಾವುದೂ ಇಲ್ಲ.

3. ಪಿಲ್ಲರ್ ಎಲ್ಲಿ ನಿಲ್ಲಬೇಕು

ಇಡೀ ಕೆಲಸದ ಹೃದಯ ಇದು. ನಿಧಾನವಾಗಿ ನೋಡಿ.

ಒಂದು ಕಾರಿಗೆ 2.5 ಮೀಟರ್ ಅಗಲ, 5.1 ಮೀಟರ್ ಉದ್ದ. ಎದುರುಬದುರು ಎರಡು ಸಾಲು, ನಡುವೆ 6 ಮೀಟರ್ ದಾರಿ: 5.1 + 6 + 5.1 = 16.2 ಮೀಟರ್. ಇಂಥ ಎರಡು ಪಟ್ಟಿ ಅಕ್ಕಪಕ್ಕ ಇಟ್ಟರೆ 32.4 ಮೀಟರ್. ಉದ್ದಕ್ಕೆ, ಮೂರು ಕಾರಿಗೆ 7.5 ಮೀಟರ್, 45 ಸೆಂಟಿಮೀಟರ್ ದಪ್ಪದ ಪಿಲ್ಲರ್, ಗಾರೆ ಕೆಲಸದ ಏರುಪೇರಿಗೆ 15 ಸೆಂಟಿಮೀಟರ್ ಸೇರಿ 8.1. ಅಂಥ ಆರು ಅಂಕಣಕ್ಕೆ 48.6 ಮೀಟರ್.

ಅಡ್ಡಕ್ಕೂ 8.1 ಎಂದು ಗೋಡೆಯಿಂದಲೇ ಎಣಿಸಲು ಶುರು ಮಾಡಿದರೆ ಮೊದಲ ಪಿಲ್ಲರ್ ಓಡಾಟದ ದಾರಿಯ ನಟ್ಟನಡುವೆ ಬಂದು ನಿಲ್ಲುತ್ತದೆ. ಹೊರ ಅಂಚಿನಿಂದ 4.05ಕ್ಕೆ ಮೊದಲನೆಯದು ಬರಲಿ. ಆಮೇಲೆ 12.15, 20.25, 28.35. ಹೊರ ಅಂಚುಗಳಲ್ಲಿ ಒಂದೊಂದು ಸಾಲು ಪಿಲ್ಲರ್. ಹೀಗೆ ಹಾಕಿದರೆ 60 ಸೆಂಟಿಮೀಟರ್ ಉದ್ದದ ಪಿಲ್ಲರಿನ ಮುಖ ದಾರಿಯ ಅಂಚಿನಿಂದ 75 ಸೆಂಟಿಮೀಟರ್ ಒಳಕ್ಕೆ ಸರಿದಿರುತ್ತದೆ. ಕಾರು ತಿರುಗುವಾಗ ಮೂಲೆ ಉಜ್ಜುವುದಿಲ್ಲ. ಬಾಗಿಲೂ ಪಿಲ್ಲರಿಗೆ ಬಡಿಯದು, ಏಕೆಂದರೆ ಮೂತಿ ಒಳಗೆ ಹಾಕಿ ನಿಂತ ಕಾರಿನ ಮುಂದಿನ ಬಾಗಿಲು ತೆರೆಯುವ ಜಾಗ ಪಿಲ್ಲರಿಗಿಂತ ಒಳಕ್ಕಿರುತ್ತದೆ.

60 ಸೆಂಟಿಮೀಟರ್ ಆಳದ ಬೀಮ್ ಕಳೆದರೆ 3.2 ಮೀಟರ್ ಅಂತಸ್ತಿನಲ್ಲಿ 2.6 ಮೀಟರ್ ಉಳಿಯುತ್ತದೆ. ಸ್ಪ್ರಿಂಕ್ಲರ್ ಪೈಪ್, ದೀಪಕ್ಕೆ 15 ಸೆಂಟಿಮೀಟರ್ ಹೋದರೂ 2.4ಕ್ಕಿಂತ ಮೇಲೇ ಇರುತ್ತದೆ. ಪೈಪುಗಳನ್ನು ಬೀಮಿನ ಕೆಳಗೆ ಅಡ್ಡಾದಿಡ್ಡಿ ಓಡಿಸದೆ, ಸ್ಲ್ಯಾಬ್ ಹಾಕುವ ಮೊದಲೇ ಬೀಮಿನಲ್ಲಿ ತೋಳು ಪೈಪ್ ಕೂರಿಸಿ ಅದರೊಳಗೆ ಸಾಗಿಸಿ. ತಲೆಯ ಮೇಲೆ ನೇರ ಗೆರೆಗಳಷ್ಟೇ ಕಾಣುವ ಕಟ್ಟಡಕ್ಕೆ ಬೇರೆ ಸೀಲಿಂಗ್ ಬೇಡ.

ಉದ್ದ 45 ಮೀಟರ್ ದಾಟಿದರೆ ಹಿಗ್ಗು–ಕುಗ್ಗಿನ ಸಂದು ಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ನಮ್ಮದು 48.6. ನಡುವೆ ಜೋಡಿ ಪಿಲ್ಲರ್ ನಿಲ್ಲಿಸಿ ಸಂದು ಬಿಡುವುದು ನೇರ ದಾರಿ. ಆ ಸಂದಿನಲ್ಲೇ ಮುಂದೆ ನೀರು ಸೋರುವುದೂ ಹೌದು. ಸಂದನ್ನು ಇಳಿಜಾರಿನ ಮೇಲ್ತುದಿಯಲ್ಲಿ ಇಟ್ಟರೆ ಅಲ್ಲಿ ನೀರು ನಿಲ್ಲುವುದಿಲ್ಲ.

4. ರ‍್ಯಾಂಪ್

3.2 ಮೀಟರ್ ಏರಲು 10ಕ್ಕೆ 1ರ ಇಳಿಜಾರಿನಲ್ಲಿ 32 ಮೀಟರ್ ಸಾಕು ಅನ್ನಿಸುತ್ತದೆ. ಆದರೆ ಮೇಲೆ ಮತ್ತು ಕೆಳಗೆ 3 ಮೀಟರ್ ಉದ್ದಕ್ಕೆ ಅರ್ಧ ಇಳಿಜಾರು, ಅಂದರೆ 20ಕ್ಕೆ 1, ಕೊಡಲೇಬೇಕು. ಇಲ್ಲದಿದ್ದರೆ ಕೆಳಗೆ ಕಾರಿನ ಬಂಪರ್, ಮೇಲೆ ಹೊಟ್ಟೆ ಉಜ್ಜುತ್ತದೆ. ಹೀಗೆ ಲೆಕ್ಕ ಹಾಕಿದರೆ 35 ಮೀಟರ್. ಎರಡೂ ತುದಿಯಲ್ಲಿ ತಿರುಗಲು ತಲಾ 6 ಮೀಟರ್ ಸೇರಿ 47. ಕಟ್ಟಡದ ಉದ್ದ 48.6 ಇಟ್ಟಿದ್ದು ಇದಕ್ಕೇ. 4.2 ಮೀಟರಿನ ನೆಲ ಅಂತಸ್ತಿಗೆ 45 ಮೀಟರ್ ರ‍್ಯಾಂಪ್ ಬೇಕು. ಮೇಲೆ ತಿರುಗಲು 6 ಸೇರಿದರೆ 51. ಮೊದಲ ರ‍್ಯಾಂಪ್ ಕಟ್ಟಡದ ಅಂಚಿನಿಂದ ಎರಡೂವರೆ ಮೀಟರ್ ಹೊರಗೆ, ತೆರೆದ ಅಂಗಳದಲ್ಲೇ ಶುರುವಾಗಲಿ.

ಹತ್ತುವ, ಇಳಿಯುವ ದಾರಿಗೆ ತಲಾ 3.6 ಮೀಟರ್, ಅಂಚುಕಟ್ಟೆ ಸೇರಿ 8 ಮೀಟರ್ ಅಗಲದ ಪಟ್ಟಿ. ಇದನ್ನು ಕಟ್ಟಡದ ಪಶ್ಚಿಮಕ್ಕೆ ಹಾಕಿ. ಮಾರ್ಚ್‌ನಿಂದ ಮೇವರೆಗಿನ ಇಳಿಹೊತ್ತಿನ ಬಿಸಿಲನ್ನೂ ಜೂನ್ ನಂತರ ಪಶ್ಚಿಮದಿಂದ ಬಡಿಯುವ ಮಳೆಯನ್ನೂ ರ‍್ಯಾಂಪ್ ಮೊದಲು ತಡೆಯುತ್ತದೆ. ಯಾರೂ ನಿಲ್ಲದ ಜಾಗಕ್ಕೆ ಬಿಸಿಲು, ಜನ ಓಡಾಡುವ ಜಾಗಕ್ಕೆ ನೆರಳು.

ಈಗ ಬೆಲೆ ತೆರುವ ಮಾತು. ಒಟ್ಟು ಅಳತೆ 40.4 ಗುಣಿಸು 48.6, ಅಂದರೆ ಒಂದು ಅಂತಸ್ತಿಗೆ ಸುಮಾರು 1,960 ಚದರ ಮೀಟರ್. ನಾಲ್ಕು ಸಾಲಿಗೆ 18ರಂತೆ 72 ಕಾರು. ತುದಿಗಳ ಅಡ್ಡದಾರಿ, ರ‍್ಯಾಂಪಿನ ಬಾಯಿ, ಮೆಟ್ಟಿಲು, ಲಿಫ್ಟ್ ಕಳೆದರೆ ಉಳಿಯುವುದು 48ರ ಆಸುಪಾಸು. ಕಾರೊಂದಕ್ಕೆ 41 ಚದರ ಮೀಟರ್ ಬಿತ್ತು. ರ‍್ಯಾಂಪ್ ಇರುವ ಬಹುಅಂತಸ್ತಿನ ಪಾರ್ಕಿಂಗಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 30. ಪ್ರತ್ಯೇಕ ರ‍್ಯಾಂಪ್ ಬಿಟ್ಟು, ಕಾರು ನಿಲ್ಲುವ ಹಾಸನ್ನೇ 23ಕ್ಕೆ 1ರಂತೆ ಓರೆ ಮಾಡಿದರೆ ಆ 30ರ ಹತ್ತಿರ ಬರಬಹುದು. ಆದರೂ ನಮ್ಮ ಸಲಹೆ ಸಮತಟ್ಟಾದ ಹಾಸಿಗೇ. ಓರೆ ನೆಲದಲ್ಲಿ ಗಾಲಿಕುರ್ಚಿ, ಮಗುವಿನ ಗಾಡಿ, ಕೈಚೀಲ ಹೊತ್ತ ಅಜ್ಜಿ ಎಲ್ಲರಿಗೂ ತೊಂದರೆ. ಸೈಡ್ ಸ್ಟ್ಯಾಂಡಿನ ಬೈಕು ಉರುಳುತ್ತದೆ. ಜೊತೆಗೆ 20 ವರ್ಷದ ಮೇಲೆ ಕಾರು ಕಡಿಮೆಯಾದರೆ ಸಮತಟ್ಟಾದ ಅಂತಸ್ತು ಗೋದಾಮೋ ಸಂತೆಯೋ ಗ್ರಂಥಾಲಯವೋ ಆಗಬಲ್ಲದು, ಓರೆಯದ್ದನ್ನು ಒಡೆಯುವುದೇ ಗತಿ. ಕಟ್ಟಡ ಒಡೆಯದೆ ಉಳಿಯುವುದಕ್ಕಿಂತ ದೊಡ್ಡ ಪರಿಸರ ಕಾಳಜಿ ಇಲ್ಲ.

ಪ್ರವೇಶದಲ್ಲಿ ರಸ್ತೆಗೂ ಟೋಕನ್ ಗೇಟಿಗೂ ನಡುವೆ ಮೂರು ಕಾರು ನಿಲ್ಲುವಷ್ಟು, 18 ಮೀಟರ್ ಜಾಗ ಬಿಡಿ. ಗೇಟು ರಸ್ತೆಗೇ ಅಂಟಿಕೊಂಡಿದ್ದರೆ ಎರಡನೇ ಕಾರಿಗೇ ರಸ್ತೆ ಕಟ್ಟಿಕೊಳ್ಳುತ್ತದೆ.

5. ಕಾಂಕ್ರೀಟ್

ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳ ಕಿಟ್ಟದ ಪುಡಿ, ಕುಡತಿನಿ ಕಡೆಯ ಹಾರುಬೂದಿ ನಮಗೆ ಹತ್ತಿರ. ಕಿಟ್ಟ ಬೆರೆತ ಪಿಎಸ್‌ಸಿ ಸಿಮೆಂಟಿನಲ್ಲಿ ಕಿಟ್ಟ 70 ಪ್ರತಿಶತದವರೆಗೆ, ಪಿಪಿಸಿಯಲ್ಲಿ ಹಾರುಬೂದಿ 35ರವರೆಗೆ ಇರಲು ಭಾರತೀಯ ಮಾನಕ ಒಪ್ಪುತ್ತದೆ. ಕ್ಲಿಂಕರ್ (ಸುಣ್ಣಕಲ್ಲು ಸುಟ್ಟು ಮಾಡುವ ಸಿಮೆಂಟಿನ ಮೂಲ ಸಾಮಗ್ರಿ) ಕಡಿಮೆಯಾದಷ್ಟೂ ಕಟ್ಟಡದ ಇಂಗಾಲದ ಹೊರೆ ಕಡಿಮೆ. ಪಾರ್ಕಿಂಗ್ ಕಟ್ಟಡದಲ್ಲಿ ಕಾಂಕ್ರೀಟ್ ಬಿಟ್ಟರೆ ಬೇರೆ ಸಾಮಾನೇ ಹೆಚ್ಚಿಲ್ಲವಾದ್ದರಿಂದ ಸೋಲಾರಿಗಿಂತ ಮೊದಲು ಲೆಕ್ಕಕ್ಕೆ ಬರಬೇಕಾದ ಉಳಿತಾಯ ಇದು. ಎಂ30 ದರ್ಜೆಯ ಕಾಂಕ್ರೀಟ್ ಹಿಡಿಯಿರಿ.

ಆದರೆ ಈ ಸಿಮೆಂಟು ನಿಧಾನಕ್ಕೆ ಗಟ್ಟಿಯಾಗುತ್ತದೆ. ಮೇಸ್ತ್ರಿ ಎಂದಿನ ಲೆಕ್ಕದಲ್ಲಿ ಸೆಂಟ್ರಿಂಗ್ ಬಿಚ್ಚಿದರೆ ಸ್ಲ್ಯಾಬ್ ನಡು ಬಗ್ಗುತ್ತದೆ, ಆ ತಗ್ಗಿನಲ್ಲಿ ಕೊನೆಯವರೆಗೂ ನೀರು ನಿಲ್ಲುತ್ತದೆ. ಕ್ಯೂಬ್ ಪರೀಕ್ಷೆಯ ಫಲಿತಾಂಶ ನೋಡಿಯೇ ಬಿಚ್ಚಿಸಿ. ಕ್ಯೂರಿಂಗ್ 14 ದಿನ. ಏಪ್ರಿಲ್ ಬಿಸಿಲಿಗೆ, ಅದರಲ್ಲೂ ಚಿತ್ರದುರ್ಗದ ಗಾಳಿಗೆ, ಸ್ಲ್ಯಾಬ್ ಹಾಕಿದ ಎರಡು ಗಂಟೆಯಲ್ಲೇ ಮೇಲ್ಮೈ ಒಣಗಿ ಕೂದಲು ಬಿರುಕು ಬರುತ್ತದೆ. ಸಂಜೆ ಕಾಂಕ್ರೀಟ್ ಹಾಕಿ, ಮಟ್ಟ ಮಾಡಿದ ಹಿಂದೆಯೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬೆಳಿಗ್ಗೆ ಹಾಳೆ ತೆಗೆದು ಒದ್ದೆ ಗೋಣಿ.

ತಾರಸಿಗೆ ಮನೆಯ ತಾರಸಿಯಂತೆ ಇಟ್ಟಿಗೆ ಚೂರಿನ ಗಚ್ಚು ಹಾಕಬೇಡಿ. ಚಕ್ರದ ಭಾರಕ್ಕೆ ಅದು ಪುಡಿಯಾಗಿ ಏಳುತ್ತದೆ. 80ಕ್ಕೆ 1ರ ಇಳಿಜಾರನ್ನು ಸ್ಲ್ಯಾಬಿನಲ್ಲೇ ತಂದು, ಮೇಲೆ ವಾಹನ ಓಡಾಟಕ್ಕೆಂದೇ ಮಾಡಿದ ಪಾಲಿಯುರೆಥೇನ್ ಲೇಪ ಕೊಡಿ. ಕೆಳ ಅಂತಸ್ತುಗಳಿಗೂ ಇಳಿಜಾರು ಬೇಕು, ಒದ್ದೆ ಚಕ್ರದ ನೀರು ಅಲ್ಲೂ ಇಳಿಯುತ್ತದೆ.

6. ಮುಖ: ಗಾಳಿ, ಬಿಸಿಲು, ಜಾಲಂಧ್ರ

ತೆರೆದ ಪಾರ್ಕಿಂಗ್ ಕಟ್ಟಡಕ್ಕೆ ಪ್ರತಿ ಅಂತಸ್ತಿನ ನೆಲದ ಕನಿಷ್ಠ 5 ಪ್ರತಿಶತದಷ್ಟು ಬಯಲು ಗೋಡೆಯಲ್ಲಿರಬೇಕು, ಅದು ಎದುರುಬದುರಾಗಿ ಹಂಚಿರಬೇಕು ಎಂಬ ಸೂತ್ರ ಬ್ರಿಟನ್ನಿನ ನಿಯಮಗಳಿಂದ ಬಂದದ್ದು. ನಮಗೂ ಒಳ್ಳೆಯ ಅಳತೆಗೋಲು. ನಮ್ಮ ಅಂತಸ್ತಿಗೆ ಅದು 98 ಚದರ ಮೀಟರ್. ಸುತ್ತಳತೆ 178 ಮೀಟರ್. ಬೀಮಿನ ಕೆಳಗಿನ 2.6 ಮೀಟರಿನಲ್ಲಿ 1.05 ಮೀಟರ್ ಗಟ್ಟಿ ಪ್ಯಾರಪೆಟ್ ಕಳೆದರೆ 1.55 ಮೀಟರ್ ಉಳಿಯುತ್ತದೆ. ಅಷ್ಟಕ್ಕೂ ಅರ್ಧ ತೂತು, ಅರ್ಧ ಗಟ್ಟಿಯ ಜಾಲಿ ಹಾಕಿದರೂ 138 ಚದರ ಮೀಟರ್ ಬಯಲು ಸಿಗುತ್ತದೆ. ಅಂದವಾದ ಜಾಲಿ ಹಾಕಿಯೂ ಫ್ಯಾನಿಲ್ಲದೆ ಹೊಗೆ ಹೊರಹೋಗುತ್ತದೆ ಎಂದಾಯಿತು.

ಗಟ್ಟಿ ಪ್ಯಾರಪೆಟ್ ಬೇಕಾದದ್ದು ಎರಡು ಕಾರಣಕ್ಕೆ: ಕಾರು ಗುದ್ದಿದರೆ ತಡೆಯಬೇಕು, ಹೆಡ್‌ಲೈಟ್ ಎದುರು ಮನೆಯ ಮಲಗುವ ಕೋಣೆಗೆ ಹೊಡೆಯಬಾರದು. ಇಟ್ಟಿಗೆಯದ್ದು ಗುದ್ದು ತಡೆಯದು, ಕಾಂಕ್ರೀಟಿನದ್ದೇ ಬೇಕು. ಚಕ್ರ ತಡೆಯುವ 10 ಸೆಂಟಿಮೀಟರ್ ಎತ್ತರದ ಕಟ್ಟೆಯನ್ನು ಪ್ಯಾರಪೆಟ್ಟಿನಿಂದ 75 ಸೆಂಟಿಮೀಟರ್ ಈಚೆಗೆ ಕೂರಿಸಿ.

ಇನ್ನು ಬಿಸಿಲು. ದಾವಣಗೆರೆ ಸುಮಾರು ಉತ್ತರ 14.5 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ನಡುವಿನ ತಿಂಗಳುಗಳಲ್ಲಿ ಅವನು ಉತ್ತರಕ್ಕೇ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದು, ಮಧ್ಯಾಹ್ನ 52 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಅಡ್ಡ ಚಾಚು ಸಾಕು, ಸ್ಲ್ಯಾಬನ್ನೇ 60 ಸೆಂಟಿಮೀಟರ್ ಹೊರಗೆ ಚಾಚಿದರೆ ಆಯಿತು. ಪಶ್ಚಿಮದ ತಗ್ಗು ಬಿಸಿಲಿಗೆ ಅಡ್ಡ ಚಾಚಿನಿಂದ ಪ್ರಯೋಜನವಿಲ್ಲ, ನಿಲುವು ಪಟ್ಟಿಗಳೇ ಬೇಕು. ಒಂದೇ ಅಲಂಕಾರವನ್ನು ನಾಲ್ಕೂ ಮುಖಕ್ಕೆ ಸುತ್ತಿದ ಕಟ್ಟಡ ಯಾವ ದಿಕ್ಕಿಗೂ ಸರಿಹೋಗುವುದಿಲ್ಲ. ದಿಕ್ಕಿಗೆ ತಕ್ಕಂತೆ ಮುಖ ಬದಲಾದಾಗ ಚಂದ ತಾನೇ ಬರುತ್ತದೆ.

ಪೂರ್ವದ ರಸ್ತೆ ಮುಖಕ್ಕೆ ಜಾಲಿ. ಗುಡಿಯ ಒಳಗೆ ಅರೆಬೆಳಕು, ಗಾಳಿ ಎರಡನ್ನೂ ಬಿಡುವ ಕಲ್ಲಿನ ಜಾಲಂಧ್ರಗಳನ್ನು ನಮ್ಮ ಸೀಮೆಯವರು ನೋಡುತ್ತಲೇ ಬೆಳೆದವರು. ಅದರ ಚಿತ್ತಾರ ನಕಲು ಮಾಡಬೇಕಿಲ್ಲ, ತತ್ವ ಸಾಕು: ತೂತಿನ ಅಗಲಕ್ಕಿಂತ ಆಳ ಹೆಚ್ಚಿದ್ದರೆ ನೇರ ಬಿಸಿಲು ಹೆಚ್ಚು ಒಳಗೆ ಬೀಳದೆ ಬೆಳಕು ಬರುತ್ತದೆ.

ಜಾಲಿಯ ಒಂದು ಬಿಲ್ಲೆಯನ್ನು ಹತ್ತಿರದಿಂದ ನೋಡಿ. 30 ಗುಣಿಸು 30 ಸೆಂಟಿಮೀಟರ್, 10 ಸೆಂಟಿಮೀಟರ್ ದಪ್ಪ, ಅಚ್ಚಿನಲ್ಲಿ ಹೊಯ್ದ ಕಾಂಕ್ರೀಟ್ ಅಥವಾ ಸುಟ್ಟ ಮಣ್ಣು. ಒಳಗೆ 8 ಸೆಂಟಿಮೀಟರಿನ ಚೌಕಗಳು. ಪ್ರತಿ ತೂತಿನ ತಳ ಹೊರಕ್ಕೆ ಒಂದಿಷ್ಟು ಓರೆ, ಮಳೆ ನೀರು ಒಳಗೆ ಹರಿಯದೆ ಹೊರಗೆ ಜಾರಲಿ ಎಂದು. ಬಿಲ್ಲೆಗಳನ್ನು ಒಂದರ ಮೇಲೊಂದು ಬರೀ ಗಾರೆಯಲ್ಲಿ ಕಟ್ಟಬಾರದು. ಒಂದೂವರೆ ಮೀಟರಿನ ಗೋಡೆ ಗಾಳಿಗೆ ಅಲುಗಿ ಸಂದು ಬಿಡುತ್ತದೆ. ಗ್ಯಾಲ್ವನೈಸ್ ಮಾಡಿದ ಕೋನಪಟ್ಟಿಯ ಚೌಕಟ್ಟಿನಲ್ಲಿ ಕೂರಿಸಿ, ಚೌಕಟ್ಟನ್ನು ಮೇಲೆ ಕೆಳಗೆ ಬೋಲ್ಟ್ ಮಾಡಿ. ಮೇಲಿನ ಬೋಲ್ಟಿನ ತೂತು ಉದ್ದವಾಗಿರಲಿ, ಸ್ಲ್ಯಾಬ್ ಕೊಂಚ ಬಗ್ಗಿದರೆ ಬಿಲ್ಲೆ ಒಡೆಯುವುದಿಲ್ಲ. ಒಂದು ಬಿಲ್ಲೆ ಒಡೆದರೆ ಚೌಕಟ್ಟು ಬಿಚ್ಚಿ ಅದೊಂದನ್ನೇ ಬದಲಿಸಬಹುದು. ಶೇಕಡಾ 5ರಷ್ಟು ಬಿಲ್ಲೆ ಹೆಚ್ಚಿಗೆ ಮಾಡಿಸಿ ಕಟ್ಟಡದಲ್ಲೇ ಇಡಿ. ಅದೇ ಅಚ್ಚು ಐದು ವರ್ಷದ ಮೇಲೆ ಸಿಗುವುದಿಲ್ಲ.

ಎರಡು ಶತ್ರುಗಳು. ಮೊದಲನೆಯದು ಪಾರಿವಾಳ: ತೂತು ದೊಡ್ಡದಾದರೆ ಒಳಗೆ ಬಂದು ಪೈಪಿನ ಮೇಲೆ ಗೂಡು ಹಾಕುತ್ತದೆ, ಅದರ ಹಿಕ್ಕೆ ಕಾರಿನ ಬಣ್ಣ ತಿನ್ನುತ್ತದೆ. ರ‍್ಯಾಂಪ್ ಬಾಯಿಯಿಂದಲೂ ಬರುವುದರಿಂದ ಪೈಪು, ಕೇಬಲ್ ಹಾಯುವ ಚಪ್ಪಟೆ ಜಾಗಗಳನ್ನು ಓರೆಯಾಗಿ ಮುಚ್ಚಿ. ಎರಡನೆಯದು ಧೂಳು, ಮಸಿ. ಅಡ್ಡ ಪಟ್ಟಿಗಳ ಮೇಲೆ ಕೂತ ಧೂಳು ಮೊದಲ ಮಳೆಗೆ ಕೆಸರಾಗಿ ಗೋಡೆಯಲ್ಲಿ ಇಳಿಯುತ್ತದೆ. ಮಂಡಕ್ಕಿ ಭಟ್ಟಿಯ ಕಡೆಯ ಗಾಳಿ ತಾಗುವ ಜಾಗವಾದರೆ ಬಿಳಿ ಬಣ್ಣದ ಯೋಚನೆಯೇ ಬೇಡ. ಮಣ್ಣಿನ ಕೆಂಪು, ಕಲ್ಲಿನ ಬೂದು ಬಣ್ಣ ವರ್ಷಗಳು ಕಳೆದಷ್ಟೂ ಹದವಾಗಿ ಕಾಣುತ್ತವೆ.

ಪ್ರತಿ ಚಾಚಿನ ತಳದಲ್ಲಿ, ಅಂಚಿನಿಂದ 3 ಸೆಂಟಿಮೀಟರ್ ಒಳಗೆ, ಬೆರಳು ಅಗಲದ ತೋಡು ಬಿಡಿಸಿ. ಇದಕ್ಕೆ ಸೆಂಟ್ರಿಂಗ್ ಹಲಗೆಗೆ ಒಂದು ಮರದ ಪಟ್ಟಿ ಮೊಳೆ ಹೊಡೆದರೆ ಮುಗಿಯಿತು. ಮರೆತರೆ ನೀರು ಸ್ಲ್ಯಾಬಿನ ಅಡಿಗೆ ಹತ್ತಿ ಹರಿದು, ಎರಡೇ ವರ್ಷದಲ್ಲಿ ಇಡೀ ಮುಖದ ತುಂಬ ಕಪ್ಪು ನಾಲಗೆಗಳು ಇಳಿಯುತ್ತವೆ.

7. ಹಸಿರು

ಪಶ್ಚಿಮ ಮುಖಕ್ಕೆ ಬಳ್ಳಿ ಒಳ್ಳೆಯದು. ಮಧುಮಾಲತಿ ನಮ್ಮ ಬಿಸಿಲಿಗೆ ತಾಳುತ್ತದೆ. ಕಾಗದದ ಹೂವಿನ ಬಳ್ಳಿಯೂ ಗಟ್ಟಿಯೇ, ಮುಳ್ಳಿರುವುದರಿಂದ ಜನ ಓಡಾಡುವ ಬದಿಗೆ ಬೇಡ. ನೆಲದಲ್ಲಿ ನೆಟ್ಟದ್ದು ಆರೇಳು ಮೀಟರ್ ಹತ್ತುತ್ತದೆ, ಅದರ ಮೇಲಕ್ಕೆ ಎರಡನೇ ಅಂತಸ್ತಿನಲ್ಲಿ ತೊಟ್ಟಿ ಬೇಕು. 60 ಗುಣಿಸು 60 ಸೆಂಟಿಮೀಟರ್ ತೊಟ್ಟಿಯ ಒದ್ದೆ ಮಣ್ಣು ಮೀಟರಿಗೆ ಸುಮಾರು 650 ಕೆಜಿ ತೂಗುತ್ತದೆ. ಈ ಭಾರ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕದಲ್ಲಿರಬೇಕು, ಕಟ್ಟಿದ ಮೇಲೆ ತೊಟ್ಟಿ ಇಡುವ ಉಪಾಯ ಅಪಾಯ. ಸ್ಟೀಲ್ ತಂತಿಗಳು 45 ಸೆಂಟಿಮೀಟರಿಗೊಂದು, ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಡ್ರಿಪ್ ನೋಡಿಕೊಳ್ಳುವ ಆಳು ಇಲ್ಲವೆಂದಾದರೆ ಮೇಲಿನ ತೊಟ್ಟಿ ಬಿಟ್ಟು, ಅಂಗಳದಲ್ಲಿ ಹೊಂಗೆ, ಬೇವು ಮಾತ್ರ ನೆಡಿ. ಒಣಗಿದ ಬಳ್ಳಿ ನೇತಾಡುವ ಕಟ್ಟಡ ಬರಿಯ ಕಾಂಕ್ರೀಟಿಗಿಂತ ಕೆಟ್ಟದಾಗಿ ಕಾಣುತ್ತದೆ.

8. ನೀರು

ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿದ ನೀರು ಕೆಳಗಿನ ಹೊಂಡಕ್ಕೆ ಇಳಿಯುವ ಏರ್ಪಾಡಿದೆ. ಮಳೆ ಕಡಿಮೆಯ ಸೀಮೆಯವರ ಜಾಣತನ ಅದು. ಇಲ್ಲೂ ಅದೇ ಕ್ರಮ. 1,960 ಚದರ ಮೀಟರಿನ ಮೇಲ್ಭಾಗಕ್ಕೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಹಿಡಿದು 15 ಪ್ರತಿಶತ ನಷ್ಟ ಕಳೆದರೂ 10 ಲಕ್ಷ ಲೀಟರ್.

ಆದರೆ ಎಲ್ಲ ನೀರೂ ಒಂದೇ ಅಲ್ಲ. ಸೋಲಾರ್ ಚಪ್ಪರದ ಮೇಲಿನದು ಶುದ್ಧ: ಮೊದಲ 2 ಮಿಲಿಮೀಟರ್ ಹೊರಬಿಟ್ಟು, ಉಳಿದದ್ದು 1 ಲಕ್ಷ ಲೀಟರಿನ ತೊಟ್ಟಿಗೆ, ತುಂಬಿ ಹೆಚ್ಚಾದದ್ದು ಇಂಗುಬಾವಿಗೆ. ವಾಹನ ನಿಲ್ಲುವ ಹಾಸಿನ ನೀರಿನಲ್ಲಿ ಆಯಿಲ್ ಇರುತ್ತದೆ. ಅದನ್ನು ಆಯಿಲ್ ಬೇರ್ಪಡಿಸುವ ಮೂರು ಕೋಣೆಯ ತೊಟ್ಟಿಯ ಮೂಲಕ ಚರಂಡಿಗೇ ಬಿಡಬೇಕು. ಎರಡನ್ನೂ ಒಂದೇ ಪೈಪಿಗೆ ಸೇರಿಸಿದರೆ ಅಕ್ಕಪಕ್ಕದ ಬೋರ್‌ವೆಲ್ಲಿಗೆ ಆಯಿಲ್ ಕುಡಿಸಿದಂತೆ. ಇಂಗುಬಾವಿ ಎರೆಮಣ್ಣಿನಲ್ಲೇ ನಿಂತರೆ ನೀರು ಇಂಗುವುದಿಲ್ಲ, ಗರಸು ದಾಟಿ ಬಿರುಕುಗಲ್ಲಿನವರೆಗೆ ಇಳಿಯಬೇಕು. ಪಾಯದಿಂದ ದೂರವೂ ಇರಬೇಕು.

9. ಬೆಳಕು, ಸೋಲಾರ್, ಚಾರ್ಜಿಂಗ್

ಸ್ಲ್ಯಾಬಿನ ಅಡಿಗೆ ಬಿಳಿ ಬಣ್ಣ ಹೊಡೆಸಿ, ದೀಪದ ಖರ್ಚು ಇಳಿಯುತ್ತದೆ. ಓಡಾಟದ ದಾರಿಗೆ 75 ಲಕ್ಸ್ (ಬೆಳಕಿನ ಅಳತೆ) ಸಾಕು. ಪ್ರವೇಶದಲ್ಲಿ ಹಗಲು ಹೊತ್ತು 300 ಬೇಕು, ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನ ಜನ ಕಾಣಬೇಕಲ್ಲ. ಚದರ ಮೀಟರಿಗೆ 1.5 ವ್ಯಾಟ್ ಎಲ್ಇಡಿ ಎಂದರೆ ಮೇಲೆ ಸ್ಲ್ಯಾಬ್ ಇರುವ ಮೂರು ಅಂತಸ್ತಿಗೆ ಸುಮಾರು 9 ಕಿಲೋವ್ಯಾಟ್. ದಿನಕ್ಕೆ 12 ಗಂಟೆ ಉರಿದರೆ ವರ್ಷಕ್ಕೆ 39 ಸಾವಿರ ಯೂನಿಟ್. ಚಪ್ಪರದ 900 ಚದರ ಮೀಟರಿನಲ್ಲಿ 90 ಕಿಲೋವ್ಯಾಟ್ ಸೋಲಾರ್ ಕೂರುತ್ತದೆ, ಕಿಲೋವ್ಯಾಟಿಗೆ ವರ್ಷಕ್ಕೆ 1,400 ಯೂನಿಟ್ ಹಿಡಿದರೂ 1 ಲಕ್ಷ 26 ಸಾವಿರ. ಉಳಿದದ್ದು ಲಿಫ್ಟಿಗೆ, ಚಾರ್ಜಿಂಗಿಗೆ. ಫಲಕಗಳು ದಕ್ಷಿಣಕ್ಕೆ 14–15 ಡಿಗ್ರಿ ವಾಲಿರಲಿ, ತೊಳೆಯಲು ನಡುವೆ 60 ಸೆಂಟಿಮೀಟರ್ ನಡೆದಾರಿ ಇರಲಿ.

ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳ 2019ರ ತಿದ್ದುಪಡಿ ಪಾರ್ಕಿಂಗಿನ 20 ಪ್ರತಿಶತಕ್ಕೆ ಚಾರ್ಜಿಂಗ್ ವ್ಯವಸ್ಥೆ ಕೇಳುತ್ತದೆ. ಎಲ್ಲ ಚಾರ್ಜರ್ ಇಂದೇ ಬೇಡ, ಪೈಪು ಮತ್ತು ಪ್ಯಾನಲ್ ಜಾಗ ಇಂದೇ ಬಿಡಿ. ಬೈಕ್ ಚಾರ್ಜಿಂಗ್ ನೆಲ ಅಂತಸ್ತಿನ ಹೊರ ಅಂಚಿನಲ್ಲಿ, ಎಂಟು–ಹತ್ತಕ್ಕೊಂದು ಕಾಂಕ್ರೀಟ್ ಅಡ್ಡಗೋಡೆ ಹಾಕಿ. ಮೆಟ್ಟಿಲ ಕೆಳಗೆ ಎಂದಿಗೂ ಬೇಡ: ಅಲ್ಲಿ ಬೆಂಕಿ ಬಿದ್ದರೆ ಮೇಲಿನವರು ಇಳಿಯುವ ದಾರಿಯೇ ಹೋಯಿತು. ಎಲ್ಲ ಚಾರ್ಜರ್‌ಗಳನ್ನು ಒಮ್ಮೆಗೇ ಆರಿಸುವ ಸ್ವಿಚ್ ಪ್ರವೇಶದ ಬಳಿ, ಹೊರಗಿನಿಂದ ಕೈಗೆ ಸಿಗುವಂತಿರಲಿ.

10. ಜನ ನಡೆಯುವ ಜಾಗ

ಕಾರು ನಿಲ್ಲಿಸಿದ ಮೇಲೆ ಪ್ರತಿಯೊಬ್ಬರೂ ನಡೆಯುವವರೇ. ಎರಡು ಮೆಟ್ಟಿಲು, ಎದುರುಬದುರು ಮೂಲೆಗಳಲ್ಲಿ. ಮುಖ್ಯ ಮೆಟ್ಟಿಲು ಮತ್ತು ಲಿಫ್ಟ್ ರಸ್ತೆಯ ಮುಖಕ್ಕೇ, ಗೋಡೆಯಿಲ್ಲದೆ, ಹೊರಗಿನವರಿಗೆ ಕಾಣುವಂತೆ. ಮುಚ್ಚಿದ ಕತ್ತಲ ಮೆಟ್ಟಿಲಿಗೆ ರಾತ್ರಿ 9ರ ಮೇಲೆ ಹೆಣ್ಣುಮಕ್ಕಳು ಕಾಲಿಡುವುದಿಲ್ಲ, ಇಡಬೇಕಾಗಿಯೂ ಬರಬಾರದು. ಕೋಪನ್‌ಹೇಗನ್ನಿನಲ್ಲಿ 2016ರಲ್ಲಿ ಆದ ಒಂದು ಪಾರ್ಕಿಂಗ್ ಕಟ್ಟಡಕ್ಕೆ ಹೊರಮೈಯಲ್ಲಿ ಕೆಂಪು ಮೆಟ್ಟಿಲು ಸುತ್ತಿ, ತಾರಸಿಯಲ್ಲಿ ಆಟದ ಜಾಗ ಮಾಡಿದ್ದಾರೆ. ಕಾರಿಲ್ಲದವರೂ ಹತ್ತಿ ಬರುತ್ತಾರೆ. ನಮ್ಮಲ್ಲಿ ಹಗಲು ಕಾರು ನಿಲ್ಲುವ ತಾರಸಿಯ ಅರ್ಧ ಸಂಜೆ 6ರ ಮೇಲೆ ಮಂಡಕ್ಕಿ–ಮಿರ್ಚಿ ಗಾಡಿಗಳಿಗೆ, ಕೂರುವ ಕಟ್ಟೆಗಳಿಗೆ ತೆರೆದುಕೊಳ್ಳಬಹುದು. ನೀರಿನ ನಲ್ಲಿ, ಕಸದ ಜಾಗ ಮೊದಲೇ ನಕ್ಷೆಯಲ್ಲಿರಲಿ.

ರಸ್ತೆ ಮುಖದ ನೆಲ ಅಂತಸ್ತಿನಲ್ಲಿ 5 ಮೀಟರ್ ಆಳದ ಅಂಗಡಿ ಸಾಲು ಬರಲಿ, ಬಾಡಿಗೆಯಿಂದ ನಿರ್ವಹಣೆ ನಡೆಯುತ್ತದೆ, ರಸ್ತೆಯೂ ಜೀವಂತವಾಗಿರುತ್ತದೆ. ಆಮೇಲೂ ಒಳಗೆ 250 ಬೈಕಿಗೆ ಜಾಗವಿದೆ. ಅಂಗವಿಕಲರ ಜಾಗಕ್ಕೆ 3.6 ಮೀಟರ್ ಅಗಲ, ಲಿಫ್ಟಿನಿಂದ 30 ಮೀಟರ್ ಒಳಗೆ. ಶೌಚಾಲಯ ಪ್ರವೇಶದ ಬಳಿಯೇ, ಸಿಬ್ಬಂದಿಯ ಕಣ್ಣಳತೆಯಲ್ಲಿ. ಅದಿಲ್ಲದಿದ್ದರೆ ಮೆಟ್ಟಿಲ ಮೂಲೆಯೇ ಶೌಚಾಲಯವಾಗುತ್ತದೆ. ಮೆಟ್ಟಿಲು, ಲಿಫ್ಟಿನ ಸುತ್ತ 1.2 ಮೀಟರ್ ಎತ್ತರಕ್ಕೆ ಪಾಲಿಶ್ ಗ್ರಾನೈಟ್ ಹಾಕಿ, ಎಲೆಯಡಿಕೆ–ಗುಟ್ಕಾ ಉಗುಳಿದರೂ ಒಂದು ಬಕೆಟ್ ನೀರಿಗೆ ಹೋಗುತ್ತದೆ.

11. ಬಾಗಿಲು ತೆರೆಯುವ ಮೊದಲು

ಗೆರೆ ಬಳಿಯುವ ಮುಂಚೆ ಒಂದು ಉದ್ದನೆಯ ಕಾರನ್ನು ಎಲ್ಲ ಅಂತಸ್ತಿಗೂ ಓಡಿಸಿ, ಒಮ್ಮೆ ಹತ್ತುತ್ತಾ ಒಮ್ಮೆ ಇಳಿಯುತ್ತಾ. ಚಕ್ರ ಎಲ್ಲಿ ಕಟ್ಟೆಗೆ ತಾಗಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ತಿದ್ದಿದ ಮೇಲೆ ಬಣ್ಣ. ಆಮೇಲೆ ಟ್ಯಾಂಕರ್ ತರಿಸಿ ತಾರಸಿಯ ಎತ್ತರದ ತುದಿಯಲ್ಲಿ ನೀರು ಬಿಡಿ. ಅರ್ಧ ಗಂಟೆಯ ನಂತರವೂ ನಿಂತ ನೀರಿನ ಸುತ್ತ ಗುರುತು ಹಾಕಿ ಸರಿಪಡಿಸಿಕೊಳ್ಳಿ, ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗುವ ಮೊದಲು.

ಮಳೆನೀರಿನ ಬಾಯಿಗಳು ಎರಡು ಅಂಕಣಕ್ಕೊಂದರಂತಾದರೂ ಇರುತ್ತವೆ. ಅವುಗಳ ಜಾಲರಿ ಬೋಲ್ಟ್ ಹಾಕಿದ್ದಾಗಿರದೆ ಕೈಯಲ್ಲಿ ಎತ್ತುವಂಥದ್ದಾಗಿರಲಿ. ಮೇ ಕೊನೆಯ ವಾರ, ಮುಂಗಾರು ಕಾಲಿಡುವ ಮೊದಲು, ಒಂದೊಂದನ್ನೂ ಎತ್ತಿ, ಒಳಗೆ ಕೈ ಹಾಕಿ ಬೇವಿನೆಲೆ, ಗುಟ್ಕಾ ಚೀಟಿ, ಮಣ್ಣು ತೆಗೆದು, ಎರಡು ಕೊಡ ನೀರು ಸುರಿದು ಕೆಳಗಿನ ಪೈಪಿನಲ್ಲಿ ಸದ್ದು ಕೇಳುವವರೆಗೆ ಕಾಯಬೇಕು.